ದಂಡಂ ದಶಗುಣಂ ಎನ್ನುವವರ ಕೈಗೆ ನಾಯಿ ಕೊಡಬೇಡಿ

ಈ ಹದಿನೈದು ದಿನಗಳಲ್ಲಿ ಬಂದ ಪತ್ರಗಳಲ್ಲಿ ಒಂದನ್ನು ಮೊದಲು ನಿಮ್ಮ ಮುಂದಿಡುತ್ತೇನೆ. ತಾಲೂಕು ಊರೊಂದರ ಸೋದರಿ ಬರೆದದ್ದು. ಹೆಸರು ಬೇಡ ಅಂದಿದ್ದಾರೆ.

“ಮನೆಯಲ್ಲಿ ಎಂಟು ತಿಂಗಳ ನಾಯಿ ಇದೆ. ಬಂದವರ ಮೈಮೇಲೆ ಹಾರುತ್ತದೆ. ನೆಟ್ಟಗಿರುವ ಚಪ್ಪಲಿ ಒಂದೂ ಉಳಿದಿಲ್ಲ. ಈಗೊಂದು ವಾರದಿಂದ ಊಟದ ತಟ್ಟೆಯ ಹತ್ತಿರ ಹೋದರೆ ಗುರ್ ಅನ್ನುತ್ತೆ. ನನಗೆ ಮೂರು ವರ್ಷದ ಮಗ ಇದ್ದಾನೆ. ಮಾವನವರು ಸರಪಳಿ ಬಿಚ್ಚಲೇಬೇಡ ಅಂತಾರೆ. ಪಕ್ಕದ ಮನೆಯವರು ಪೇಪರು ಸುತ್ತಿ ಮೂತಿಗೆ ಎರಡು ಬಿಗಿ ಅಂತಾರೆ. ಮೈದುನ ಫೋನಿನಲ್ಲಿ ವಿಡಿಯೋ ತೋರಿಸಿ, ನೆಲಕ್ಕೆ ಒತ್ತಿ ಹಿಡಿದು ಯಜಮಾನ ಯಾರು ಅಂತ ತಿಳಿಸಬೇಕು ಅಂತಾನೆ. ಟ್ರೇನರ್ ಒಬ್ಬರು ಒಂದು ತಿಂಗಳು ನಮ್ಮಲ್ಲಿ ಬಿಡಿ, ನೆಟ್ಟಗೆ ಮಾಡಿ ಕೊಡ್ತೇವೆ ಅಂದರು. ಹೊಡೆಯದೆ ತಿಂಡಿ ಕೊಟ್ಟು ಕಲಿಸಬಹುದು ಅಂತಲೂ ಕೇಳಿದ್ದೇನೆ. ಯಾರ ಮಾತು ನಂಬಲಿ?”

ಎಷ್ಟು ಸರಿಯಾದ ಪ್ರಶ್ನೆ ನೋಡಿ! ನಾಯಿಗೆ ಹೇಗೆ ಕಲಿಸಲಿ ಅಂತ ಕೇಳುವವರು ಬಹಳ. ಯಾರನ್ನು ಕೇಳಲಿ ಅಂತ ಕೇಳುವವರು ಕಡಿಮೆ. ನಾಯಿ ತರೋದು ಮನೆಯ ಗಂಡಸರೋ ಮಕ್ಕಳೋ ಇರಬಹುದು. ಅದಕ್ಕೆ ಮೂರು ಹೊತ್ತು ಅನ್ನ ಹಾಕೋದು, ಅಂಗಳ ತೊಳೆಯೋದು, ಬಂದವರ ಹತ್ತಿರ “ಏನೂ ಮಾಡಲ್ಲ, ಬನ್ನಿ” ಅನ್ನೋದು ಯಾರು? ನಾವೇ ತಾನೆ? ಹಾಗಾಗಿ ಯಾರ ಮಾತು ಕೇಳಬೇಕು ಅನ್ನುವುದನ್ನೂ ನಾವೇ ತಿಳಿದುಕೊಂಡಿರುವುದು ಒಳ್ಳೆಯದು.

ತಿಂಡಿ ಕೊಟ್ಟು ಕಲಿಸೋದು ಅಂದರೇನು?

“ಅದು ಲಂಚ ಕೊಟ್ಟ ಹಾಗಲ್ಲವೇ?” ಅಂತ ಕೆಲವರು ಕೇಳ್ತಾರೆ. ಲಂಚ ಕೆಲಸಕ್ಕೆ ಮುಂಚೆ ಕೊಡುವುದು. ಇದು ಕೆಲಸ ಆದಮೇಲೆ ಕೊಡುವ ಕೂಲಿ. ತಿಂಗಳಿಡೀ ದುಡಿದವರಿಗೆ ಸಂಬಳ ಕೊಟ್ಟರೆ ಅದನ್ನು ಯಾರೂ ಲಂಚ ಅನ್ನುವುದಿಲ್ಲ.

ಇದರ ಮೂಲ ಹಳೆಯದು. 1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಬಿಟ್ಟು, ಹೊರಗೆ ತಿನಿಸು ಇಟ್ಟು ನೋಡಿದರು. ಬೆಕ್ಕು ಪರಚಿ, ಕಚ್ಚಿ, ಕೊನೆಗೆ ಹೇಗೋ ಬಾಗಿಲಿನ ಕೀಲು ಒತ್ತಿ ಹೊರಬಂತು. ಮತ್ತೆ ಮತ್ತೆ ಬಿಟ್ಟಾಗ ಪರಚುವುದು ಕಡಿಮೆಯಾಯಿತು, ಕೀಲು ಬೇಗ ಬೇಗ ಒತ್ತತೊಡಗಿತು. ಯಾವ ಕೆಲಸದಿಂದ ಒಳ್ಳೆಯದಾಯಿತೋ ಅದನ್ನು ಪ್ರಾಣಿ ಮತ್ತೆ ಮಾಡುತ್ತದೆ. ಇಷ್ಟೇ ಸೂತ್ರ.

ನಿಮ್ಮ ನಾಯಿ ಬಂದವರ ಮೇಲೆ ಹಾರುವುದೂ ಇದೇ ಸೂತ್ರದಿಂದ. ಹಾರಿದಾಗ ಎಲ್ಲರೂ “ಏಯ್, ಏಯ್” ಅಂತ ಕೂಗ್ತಾರೆ, ಕೈಯಿಂದ ತಳ್ತಾರೆ. ಅದಕ್ಕೆ ಅದೆಲ್ಲ ಆಟ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಇದನ್ನು ತಿರುಗಿಸಿಬಿಡಿ. ಹಾರಿದರೆ ಮಾತಿಲ್ಲ, ಮುಖ ತಿರುಗಿಸಿ ನಿಲ್ಲಿ. ನಾಲ್ಕೂ ಕಾಲು ನೆಲಕ್ಕೆ ತಾಗಿದ ಆ ಕ್ಷಣವೇ “ಭೇಷ್” ಅಂದು ಒಂದು ಚೂರು ತಿಂಡಿ ಕೊಡಿ. ಕ್ಷಣವೇ ಅಂದೆ, ಗಮನಿಸಿ. ಒಳಗೆ ಹೋಗಿ ಡಬ್ಬಿ ತೆಗೆದು ತರುವಷ್ಟರಲ್ಲಿ ನಾಯಿ ಇನ್ನೇನೋ ಮಾಡುತ್ತಿರುತ್ತದೆ, ಕೂಲಿ ಆ ಇನ್ನೇನಕ್ಕೋ ಸಂದುಬಿಡುತ್ತದೆ. ತಿಂಡಿ ಮೊದಲೇ ಸೆರಗಿನ ಗಂಟಿನಲ್ಲೋ ಜೇಬಿನಲ್ಲೋ ಇರಲಿ.

ಕೂಲಿ ಎಂದರೆ ತಿಂಡಿಯೇ ಆಗಬೇಕೆಂದೂ ಇಲ್ಲ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಬೀದಿನಾಯಿಗಳನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರು ಮತ್ತೆ ಮತ್ತೆ ಬಂದು ತಿನಿಸು ಕೊಟ್ಟದ್ದಕ್ಕಿಂತ ತಲೆ ಸವರಿದ್ದೇ ನಾಯಿಗಳ ವಿಶ್ವಾಸವನ್ನು ಹೆಚ್ಚು ಗಳಿಸಿತು. ನಮ್ಮ ಬೀದಿಯ ನಾಯಿಗೂ ಪ್ರೀತಿಯ ರುಚಿ ಗೊತ್ತು!

“ಯಜಮಾನಿಕೆ” ಮಾತು ಎಲ್ಲಿಂದ ಬಂತು?

ಮೈದುನ ತೋರಿಸಿದ ವಿಡಿಯೋದ ಕಥೆ ಸ್ವಲ್ಪ ಕೇಳಿ. ನಾಯಿ ತೋಳದ ಜಾತಿ, ತೋಳಗಳ ಹಿಂಡಿನಲ್ಲಿ ಹೊಡೆದಾಡಿ ಗೆದ್ದವನೇ ಒಡೆಯ, ಆದ್ದರಿಂದ ಮನೆಯಲ್ಲಿ ನೀವು ನಾಯಿಯನ್ನು ಸೋಲಿಸಿ ಒಡೆಯರಾಗಬೇಕು ಎನ್ನುವುದು ಆ ವಾದ. ಇದಕ್ಕೆ ಒಂದು ಆಧಾರ 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬುವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದದ್ದು. 1970ರಲ್ಲಿ ಅಮೆರಿಕದ ಡೇವಿಡ್ ಮೆಕ್ ಎಂಬ ವಿಜ್ಞಾನಿ ತೋಳಗಳ ಬಗ್ಗೆ ಬರೆದ ಪುಸ್ತಕದಿಂದ ಈ ಮಾತು ಇನ್ನಷ್ಟು ಹರಡಿತು.

ಆಮೇಲೆ ಅದೇ ಮೆಕ್ ಅವರು ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಗೆ ಕಾಡಿನ ತೋಳಗಳ ಹತ್ತಿರವೇ ಇದ್ದು ನೋಡಿದರು. ಕಂಡದ್ದೇನು? ಕಾಡಿನ ಹಿಂಡು ಅಂದರೆ ಅಪ್ಪ, ಅಮ್ಮ, ಅವರ ಮಕ್ಕಳು. ಒಂದು ಸಂಸಾರ! ಮೃಗಾಲಯದಲ್ಲಿ ಅಲ್ಲೊಂದು ಇಲ್ಲೊಂದು ತಂದು ಒಟ್ಟಿಗೆ ಕೂಡಿಹಾಕಿದ ತೋಳಗಳು ಜಗಳಾಡಿದ್ದನ್ನು ನೋಡಿ ಸಂಸಾರದ ನೀತಿ ಬರೆದಂತಾಗಿತ್ತು. 1999ರಲ್ಲಿ ಮೆಕ್ ತಮ್ಮ ಹಳೆಯ ಮಾತನ್ನು ತಾವೇ ತಿದ್ದಿ ಬರೆದರು. ಹಳೆಯ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿ ಅಂತ ಪ್ರಕಾಶಕರನ್ನೂ ಕೇಳಿಕೊಂಡರು.

ಸಲಹೆಗಾರರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸೇರು ಬೇಕೆ? ತನಗೆ ಹೇಗೆ ಗೊತ್ತಾಯಿತು ಅಂತ ಹೇಳುವವರು, ಹೊಸದು ತಿಳಿದಾಗ ತಿದ್ದಿಕೊಳ್ಳುವವರು ನಂಬಲು ಯೋಗ್ಯರು. “ನಾನು ಮೂವತ್ತು ವರ್ಷದಿಂದ ಹೀಗೇ ಮಾಡಿಕೊಂಡು ಬಂದಿದ್ದೀನಿ” ಅನ್ನುವುದೊಂದೇ ಉತ್ತರವಾದರೆ, ಕಾಫಿ ಕೊಟ್ಟು ಕಳಿಸಿಬಿಡಿ.

ಹೊಡೆದರೆ ನಿಲ್ಲುತ್ತದಲ್ಲ?

ನಿಲ್ಲುತ್ತದೆ, ಇಲ್ಲ ಅನ್ನುವುದಿಲ್ಲ. ಏನು ನಿಲ್ಲುತ್ತದೆ ಅಂತ ನೋಡಬೇಕು. ನಾಯಿ ಗುರುಗುಟ್ಟುವುದು ಅದರ ಭಾಷೆ. “ನನಗೆ ಭಯ ಆಗ್ತಿದೆ, ದೂರ ನಿಲ್ಲು” ಅಂತ ಅರ್ಥ. ಗುರುಗುಟ್ಟಿದಾಗಲೆಲ್ಲ ಮೂತಿಗೆ ಬಿಗಿದರೆ ಗುರ್ ಅನ್ನುವುದು ನಿಲ್ಲಬಹುದು. ಭಯ ಒಳಗೇ ಉಳಿಯುತ್ತದೆ, ಇನ್ನೂ ಬೆಳೆಯುತ್ತದೆ. ಮುಂದೊಂದು ದಿನ ಸದ್ದಿಲ್ಲದೆ ಕಚ್ಚುತ್ತದೆ. ಮನೆಯವರು ಆಗ “ಏನೂ ಸೂಚನೆ ಕೊಡದೆ ಕಚ್ಚಿಬಿಟ್ಟಿತು” ಅಂತಾರೆ. ಸೂಚನೆ ಕೊಡಬೇಡ ಅಂತ ಕಲಿಸಿದವರು ನಾವೇ ಅಲ್ಲವೇ? ಆ ತಟ್ಟೆಯ ಹತ್ತಿರ ಮೂರು ವರ್ಷದ ಮಗು ಓಡಾಡುತ್ತಿದೆ ಅನ್ನುವುದನ್ನು ನೆನೆದರೆ, ಗುರುಗುಟ್ಟುವ ನಾಯಿಗೆ ಹೊಡೆಯುವ ಮನಸ್ಸು ಯಾರಿಗೂ ಬರಲಿಕ್ಕಿಲ್ಲ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನೂ ಮಕ್ಕಳಿಗೆ ಹೇಳಿಕೊಡಬೇಡಿ. ಬೊಗಳುವ ನಾಯಿಯೂ ಕಚ್ಚಬಹುದು. ಗಾದೆ ಮನುಷ್ಯರಿಗೆ ಹೇಳಿದ್ದು.

2020ರಲ್ಲಿ ಪೋರ್ಚುಗಲ್ ದೇಶದ ಸಂಶೋಧಕರು ಬೇರೆ ಬೇರೆ ತರಬೇತಿ ಶಾಲೆಗಳ 92 ನಾಯಿಗಳನ್ನು ಹೋಲಿಸಿ ನೋಡಿದರು. ಗದರಿ, ಕತ್ತು ಎಳೆದು ಕಲಿಸುವ ಶಾಲೆಯ ನಾಯಿಗಳು ಪಾಠದ ವೇಳೆ ಹೆಚ್ಚು ತುಟಿ ನೆಕ್ಕಿಕೊಳ್ಳುತ್ತಿದ್ದವು, ಆಕಳಿಸುತ್ತಿದ್ದವು. ಪಾಠದ ಮೇಲೆ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ರಸ ಏರಿತ್ತು. ಕೂಲಿ ಕೊಟ್ಟು ಕಲಿಸುವ ಶಾಲೆಯ ನಾಯಿಗಳಲ್ಲಿ ಹಾಗೆ ಏರಿರಲಿಲ್ಲ. ಅಮೆರಿಕದಲ್ಲಿ ಪ್ರಾಣಿಗಳ ನಡವಳಿಕೆಯನ್ನೇ ಅಭ್ಯಾಸ ಮಾಡುವ ಪಶುವೈದ್ಯರ ಸಂಘ 2021ರಲ್ಲಿ ತನ್ನ ನಿಲುವು ಪ್ರಕಟಿಸಿ, ಸಿಟ್ಟಿನ ನಾಯಿಗೂ ಸೇರಿದಂತೆ ಎಲ್ಲ ನಾಯಿಗಳಿಗೂ ಈ ಕೂಲಿಯ ದಾರಿಯನ್ನೇ ಸೂಚಿಸಿತು.

ಇನ್ನು ನಮ್ಮ ದೇಶದ ಕಾನೂನು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಪ್ರಾಣಿಗೆ ಹೊಡೆದು, ಒದ್ದು ಅನಗತ್ಯ ನೋವು ಕೊಡುವುದು ಅಪರಾಧ. ವಿಪರೀತ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ ಅಪರಾಧವೇ. ಮಾವನವರಿಗೆ ಇದನ್ನು ವಾದವಾಗಿ ಹೇಳಬೇಡಿ, ಸುದ್ದಿಯಾಗಿ ಓದಿ ಹೇಳಿ!

ಮೊದಲ ಬಾಗಿಲು ಪಶು ಆಸ್ಪತ್ರೆ

ಎಂಟು ತಿಂಗಳು ಸುಮ್ಮನಿದ್ದ ನಾಯಿ ಒಂದು ವಾರದಿಂದ ಗುರುಗುಟ್ಟುತ್ತಿದೆ ಅಂದರೆ ಮೊದಲು ಕೇಳಬೇಕಾದದ್ದು, ಅದಕ್ಕೆ ಎಲ್ಲಾದರೂ ನೋವಿದೆಯೇ ಅಂತ. ಕಿವಿಯಲ್ಲಿ ಕೀವು, ಹಲ್ಲುನೋವು, ಉಣ್ಣೆಯಿಂದ ಬಂದ ಜ್ವರ, ಹೊಟ್ಟೆಯ ಹುಳು ಯಾವುದೂ ಇರಬಹುದು. ಹಲ್ಲು ನೋಯುವಾಗ ನಮಗೇ ಮಾತು ಬೇಡವಾಗಿರುತ್ತದೆ. ನೋವಿರುವ ನಾಯಿಗೆ ಯಾವ ಪಾಠವೂ ಹತ್ತುವುದಿಲ್ಲ.

ಆದ್ದರಿಂದ ಮೊದಲು ನೋಂದಾಯಿತ ಪಶುವೈದ್ಯರಿಗೆ ತೋರಿಸಿ. ನಿಮ್ಮ ಊರಿನ ಸರ್ಕಾರಿ ಪಶು ಆಸ್ಪತ್ರೆ ದನಕರುಗಳಿಗೆ ಮಾತ್ರ ಅಂತ ತಿಳಿಯಬೇಡಿ. ದೊಡ್ಡ ತಪಾಸಣೆ ಬೇಕಾದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮೊದಲಾದ ಕಡೆ ಪಶುವೈದ್ಯ ಕಾಲೇಜುಗಳಿವೆ. ಅಲ್ಲಿಗೆ ಹೋದಾಗ “ಹೊಡೆಯದೆ ಕಲಿಸುವವರು ಯಾರಾದರೂ ನಿಮಗೆ ಗೊತ್ತೇ?” ಅಂತಲೂ ಕೇಳಿ. ಬೀದಿಯ ಬೋರ್ಡು ನೋಡಿ ಹೋಗುವುದಕ್ಕಿಂತ ಇದು ಮೇಲು.

ಬಾಗಲಕೋಟೆ ಕಡೆಯ ಓದುಗರಿಗೆ ಒಂದು ಮಾತು. ನಿಮ್ಮದು ಮುಧೋಳ ನಾಯಿಯಾದರೆ ಅದು ಕಣ್ಣಿನಿಂದ ಬೇಟೆ ಹಿಡಿದು ಓಡುವ ಜಾತಿ. ಹೊಸಬರು ಮೈ ಮುಟ್ಟುವುದು ಅದಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ. ಮೊಲವೋ ಬೆಕ್ಕೋ ಓಡಿದರೆ ಹಿಂದೆ ಓಡುವುದು ಅದರ ಹುಟ್ಟುಗುಣ, ಉದ್ಧಟತನ ಅಲ್ಲ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ತಳಿಯ ಬಗ್ಗೆ ಅನುಮಾನವಿದ್ದರೆ ಅಲ್ಲಿ ಕೇಳಬಹುದು.

ಟ್ರೇನರ್‌ಗೆ ಕೇಳಬೇಕಾದ ಪ್ರಶ್ನೆಗಳು

ಪಶುವೈದ್ಯರಾಗಲು ಪದವಿ ಬೇಕು, ಪರಿಷತ್ತಿನ ನೋಂದಣಿ ಬೇಕು. ನಾಯಿ ಟ್ರೇನರ್ ಅಂತ ಬೋರ್ಡು ಬರೆಸಲು ಒಬ್ಬ ಪೇಂಟರ್ ಇದ್ದರೆ ಸಾಕು. ಯಾವ ಪರೀಕ್ಷೆಯೂ ಕಡ್ಡಾಯವಿಲ್ಲ. ಹಾಗಾಗಿ ಪರೀಕ್ಷೆ ಮಾಡಬೇಕಾದವರು ನೀವೇ. ಸೀರೆ ಕೊಳ್ಳುವಾಗ ಅಂಚು, ಸೆರಗು ಬಿಡಿಸಿ ನೋಡುವ ನಮಗೆ ಇದೇನು ಕಷ್ಟ?

1. ನಾಯಿ ತಪ್ಪು ಮಾಡಿದಾಗ ನೀವು ಏನು ಮಾಡುತ್ತೀರಿ? ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. “ಅದಕ್ಕೆ ಕಷ್ಟವಾಗದಂತೆ ಪಾಠವನ್ನು ಸುಲಭ ಮಾಡ್ತೇನೆ” ಅಂದರೆ ಮುಂದೆ ಮಾತಾಡಿ. “ಸ್ವಲ್ಪ ಕರೆಕ್ಷನ್ ಕೊಡ್ತೀವಿ” ಅಂದರೆ, ಹಾಗೆಂದರೇನು, ಮಾಡಿ ತೋರಿಸಿ ಅನ್ನಿ.

2. ಕುತ್ತಿಗೆಗೆ ಏನು ಹಾಕುತ್ತೀರಿ? ಬಿಗಿಯಾಗುವ ಚೋಕ್ ಚೈನ್, ಒಳಗೆ ಮುಳ್ಳಿರುವ ಪಟ್ಟಿ, ಕರೆಂಟು ಹೊಡೆಯುವ ಪಟ್ಟಿ ಇವುಗಳ ಹೆಸರೆತ್ತಿದರೆ ನಮಸ್ಕಾರ ಹೇಳಿ.

3. ಪಾಠದ ಹೊತ್ತಿನಲ್ಲಿ ನಾನು ಪಕ್ಕದಲ್ಲಿರಬಹುದೇ? ಬೇಡ ಅಂದರೆ ನಾಯಿ ಕೊಡಬೇಡಿ. ಒಂದು ತಿಂಗಳು ಬಿಟ್ಟು ಬರುವ ತರಬೇತಿಯಲ್ಲಿ ಏನು ನಡೆಯಿತೆಂದು ನಾಯಿ ಬಂದು ಹೇಳುವುದಿಲ್ಲ. ಅಲ್ಲದೆ ಮನೆಗೆ ಬಂದ ಮೇಲೆ ಅದರ ಜೊತೆ ಇರುವವರು ನೀವು. ಪಾಠ ನಾಯಿಗೆಷ್ಟೋ ನಿಮಗೂ ಅಷ್ಟೇ ಬೇಕು.

4. ಎಷ್ಟು ದಿನದಲ್ಲಿ ಸರಿಹೋಗುತ್ತದೆ? “ಹದಿನೈದು ದಿನ, ಗ್ಯಾರಂಟಿ” ಅನ್ನುವವರನ್ನು ನಂಬಬೇಡಿ. ಜೀವ ಇರುವ ಪ್ರಾಣಿ, ಮಿಕ್ಸಿ ರಿಪೇರಿಯಲ್ಲ.

5. ನಿಮ್ಮ ಹತ್ತಿರ ಕಲಿತ ನಾಯಿಯೊಂದನ್ನು ನೋಡಬಹುದೇ? ನೋಡುವಾಗ ಅದು ಹೇಳಿದಂತೆ ಕೇಳುತ್ತದೆಯೋ ಅನ್ನುವುದು ಒಂದು. ಅವರನ್ನು ಕಂಡ ಕೂಡಲೇ ಬಾಲ ಹೇಗಿರುತ್ತದೆ ಅನ್ನುವುದು ಇನ್ನೊಂದು. ಸಡಿಲವಾಗಿ ಮೈಯೆಲ್ಲ ಆಡಿಸಿಕೊಂಡು ಓಡಿಬಂದರೆ ಸರಿ. ಮುದುಡಿ, ಬಾಲ ಕಾಲುಸಂದಿಗೆ ಹೋದರೆ ಉತ್ತರ ಸಿಕ್ಕಿತು.

ಫೋನಿನ ವಿಡಿಯೋಗೂ ಒಂದು ಉಪಾಯ ಹೇಳ್ತೇನೆ. ಸದ್ದು ಪೂರ್ತಿ ನಿಲ್ಲಿಸಿ ನೋಡಿ. ಹೇಳುವವರ ಗತ್ತು, ಹಿನ್ನೆಲೆ ಸಂಗೀತ ಹೋದಮೇಲೆ ಉಳಿಯುವುದು ನಾಯಿ ಮಾತ್ರ. ಕಿವಿ ಹಿಂದಕ್ಕೆ ಮಡಿಸಿದೆಯೇ, ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದೆಯೇ, ಕಣ್ಣಿನ ಬಿಳಿಭಾಗ ಕಾಣುತ್ತಿದೆಯೇ, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುತ್ತಿದೆಯೇ ನೋಡಿ. ಇವೆಲ್ಲ ಹೆದರಿದ ಗುರುತು. ಕಲ್ಲಿನಂತೆ ಅಲುಗಾಡದೆ ಮಲಗಿದ ನಾಯಿಯನ್ನು ತೋರಿಸಿ “ನೋಡಿ, ಶಾಂತವಾಯಿತು” ಅಂದರೆ ಮೋಸಹೋಗಬೇಡಿ. ಅದು ದಿಕ್ಕುಗೆಟ್ಟು ಕೈಚೆಲ್ಲಿದೆ.

ಈಗ ನಿಮ್ಮ ಮನೆಯ ಮಾತು

ಹಾರುವುದಕ್ಕೆ ಮೇಲೆ ಹೇಳಿದೆ. ಚಪ್ಪಲಿಗೆ ಪಾಠವೇ ಬೇಡ, ಒಂದು ಮುಚ್ಚಿದ ಗೂಡು ಬೇಕು. ಎಂಟು ತಿಂಗಳಿನ ನಾಯಿಗೆ ಅಗಿಯುವ ಚಪಲ ಸಹಜ. ಅಗಿಯಲಿಕ್ಕೆಂದೇ ಗಟ್ಟಿ ರಬ್ಬರಿನ ಆಟಿಕೆ ಕೊಡಿ. ಅದನ್ನು ಅಗಿಯುವಾಗ “ಭೇಷ್” ಅನ್ನಿ.

ಊಟದ ತಟ್ಟೆಯದು ಜಾಗ್ರತೆಯ ವಿಷಯ. ಇವತ್ತಿನಿಂದಲೇ ಮಗು ಬಾರದ ಮೂಲೆಯಲ್ಲಿ, ಬಾಗಿಲು ಹಾಕಿ ಊಟ ಕೊಡಿ. ತಟ್ಟೆಗೆ ಕೈ ಹಾಕಿ ಪರೀಕ್ಷೆ ಮಾಡಬೇಡಿ. ನಾಯಿ ಗುರ್ ಅನ್ನದಷ್ಟು ದೂರದಲ್ಲಿ ನೀವು ಹಾದುಹೋಗುವಾಗ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಒಂದು ಚೂರು ಅದರತ್ತ ಎಸೆದು, ನಿಲ್ಲದೆ ಮುಂದೆ ಹೋಗಿ. ಅಮ್ಮ ಹತ್ತಿರ ಬಂದರೆ ಕಿತ್ತುಕೊಳ್ಳುವುದಿಲ್ಲ, ಇನ್ನಷ್ಟು ಕೊಡ್ತಾಳೆ ಅಂತ ಅದಕ್ಕೆ ತಿಳಿಯಬೇಕು. ಇದನ್ನು ದೊಡ್ಡವರು ಮಾತ್ರ ಮಾಡಬೇಕು. ಬಾಯಿ ಹಾಕಲು ಬಂದಿದ್ದರೆ ಮನೆಮದ್ದು ಬೇಡ, ಪಶುವೈದ್ಯರ ಮೂಲಕ ತಿಳಿದವರ ನೆರವು ಪಡೆಯಿರಿ. ಚಿಕ್ಕ ಮಗುವನ್ನೂ ನಾಯಿಯನ್ನೂ ಎಂಥ ಸಾಧು ನಾಯಿಯಾದರೂ ಒಂಟಿಯಾಗಿ ಬಿಡಬಾರದು.

ಇನ್ನೊಂದು ವಿಷಯ. ನೀವು “ಕೂತ್ಕೋ” ಅಂತೀರಿ, ಮೈದುನ “ಸಿಟ್” ಅಂತಾನೆ, ಮಾವನವರು “ಬಿದ್ದಿರು” ಅಂತಾರೆ. ಪಾಪ, ನಾಯಿ ಏನು ಮಾಡಬೇಕು? ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಕೂತು ನಾಲ್ಕೈದು ಮಾತು ಗೊತ್ತುಮಾಡಿಕೊಳ್ಳಿ. ಅಡಿಗೆಮನೆ ಗೋಡೆಗೆ ಬರೆದು ಅಂಟಿಸಿ.

ಕೂಲಿಯ ತಿಂಡಿ, ಮನೆಯಲ್ಲೇ

ಬೇಕಾಗುವ ಸಾಮಾನು: ರಾಗಿಹಿಟ್ಟು 1 ಲೋಟ, ಬೇಯಿಸಿ ಹಿಸುಕಿದ ಸಿಹಿಕುಂಬಳ ಅರ್ಧ ಲೋಟ, ಮೊಟ್ಟೆ 1. ಮೊಟ್ಟೆ ತಾರದ ಮನೆಯವರು ಕುಂಬಳವನ್ನೇ ಸ್ವಲ್ಪ ಹೆಚ್ಚು ಹಾಕಿ.

ಉಪ್ಪು, ಸಕ್ಕರೆ, ಒಗ್ಗರಣೆ ಏನೂ ಬೇಡ. ಎಲ್ಲ ಸೇರಿಸಿ ಗಟ್ಟಿಯಾಗಿ ಕಲಸಿ, ತೆಳ್ಳಗೆ ರೊಟ್ಟಿ ತಟ್ಟಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಚೆನ್ನಾಗಿ ಬೇಯಿಸಿ. ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ ಮತ್ತೆ ಕಾವಲಿಯ ಮೇಲೆ ತೇವ ಆರುವವರೆಗೆ ಬಾಡಿಸಿ. ತಣ್ಣಗಾದಮೇಲೆ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ಕಷ್ಟದ ಪಾಠಕ್ಕೆ ಬೆಂದ ಕೋಳಿಮಾಂಸದ ಎಳೆಯೋ ಪನೀರಿನ ಚೂರೋ ಇರಲಿ. ದಿನದ ಆಹಾರದಲ್ಲಿ ಇಂಥ ತಿಂಡಿ ಹತ್ತರಲ್ಲಿ ಒಂದು ಪಾಲು ದಾಟಬಾರದು. ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.

ಕೊಡಲೇಬಾರದವು: ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಬೇಯಿಸಿದ ಮೂಳೆ, ಕ್ಸೈಲಿಟಾಲ್ ಹಾಕಿದ ಶುಗರ್‌ಫ್ರೀ ತಿನಿಸು.

ಮರೆಯಬಾರದ್ದು

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮತ್ತೆ ಮತ್ತೆ. ಯಾವ ನಾಯಿ ಕಚ್ಚಿದರೂ, ಪರಚಿ ರಕ್ತ ಬಂದರೂ, ಸಾಕಿದ ನಾಯಿಯೇ ಆದರೂ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಲಸಿಕೆ ಹೊತ್ತಿಗೆ ಸರಿಯಾಗಿ ಸಿಕ್ಕರೆ ರೇಬೀಸನ್ನು ತಡೆಯಬಹುದು.

ಸೋದರಿ, ನಾಳೆ ಬೆಳಿಗ್ಗೆ ಮೊದಲು ಪಶು ಆಸ್ಪತ್ರೆ. ಟ್ರೇನರ್ ಮತ್ತೆ ಬಂದರೆ ಮೊದಲ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕಾಯಿರಿ. ಮೈದುನನಿಗೆ ವಿಡಿಯೋವನ್ನು ಸದ್ದಿಲ್ಲದೆ ತೋರಿಸಿ. ಏನಾಯಿತೆಂದು ಬರೆದು ತಿಳಿಸುವುದನ್ನು ಮರೆಯಬೇಡಿ. ನಿಮ್ಮಂತೆಯೇ ಚಪ್ಪಲಿ ಕಳೆದುಕೊಂಡ ಓದುಗರು ಇನ್ನೂ ಎಷ್ಟು ಜನರಿದ್ದಾರೋ!